ಸೆಕೆಂಡ್ ಹ್ಯಾಂಡ್ ಗೂಡ್ಸ್ ಗಾಡಿ ತಗೊಳ್ಳೋರು ಮೀಟರ್ ಬಿಟ್ಟು ಚಾಸಿ ನೋಡಿ

ಹಳೇ ಗೂಡ್ಸ್ ಗಾಡಿ ತಗೊಳ್ಳೋಕೆ ಇಲ್ಲಿ ಸಲಹೆ ಕೇಳಿದ್ದೀರಿ: ನಾಲ್ಕು ಲಕ್ಷ ಬಜೆಟ್ಟು, ಟಾಟಾ ಏಸ್ ತಗೊಳ್ಳಲಾ ಅಶೋಕ್ ಲೇಲ್ಯಾಂಡ್ ದೋಸ್ತ್ ತಗೊಳ್ಳಲಾ, ಒಂದು ಲಕ್ಷ ಕಿಲೋಮೀಟರ್ ಒಳಗೆ ಓಡಿರಬೇಕು, ಕಾರಿನ ಲೈಸೆನ್ಸ್ ಸಾಕಾ. ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ? ನಾನೂ ಬ್ರೋಕರ್ ಹತ್ತಿರ ಹೆಚ್ಚುಕಮ್ಮಿ ಇದನ್ನೇ ಕೇಳಿದ್ದೆ. ನಾನು ಕೇಳಿದ್ದನ್ನೇ ಅವನು ತಂದು ನಿಲ್ಲಿಸಿದ.

ನಮ್ಮದು ಶ್ರೀನಿವಾಸಪುರದ ಕಡೆ. ಬೇಸಿಗೆಯಲ್ಲಿ ಮಾವು, ಉಳಿದಂತೆ ಟೊಮೆಟೊ. ಕೋಲಾರದ ಮಂಡಿಗೆ ದಿನಾ ಗಾಡಿಗಳು ಹೋಗುತ್ತಲೇ ಇರುತ್ತವೆ. ಸ್ವಂತ ಗಾಡಿ ಒಂದಿದ್ದರೆ ಬಾಡಿಗೆಗೆ ಬರ ಇಲ್ಲ ಅಂತ ನನ್ನ ಲೆಕ್ಕ. ಆ ಲೆಕ್ಕ ಸರಿಯಾಗೇ ಇತ್ತು. ಬಾಡಿಗೆ ಸಿಕ್ಕವು. ಗಾಡಿ ತಾಳಲಿಲ್ಲ ಅಷ್ಟೇ.

ಬ್ರೋಕರ್ ತೋರಿಸಿದ್ದು ಒಂದು ಪಿಕಪ್. ಯಾವ ಕಂಪನಿಯದು ಅಂತ ಹೇಳೋದಿಲ್ಲ, ಕಂಪನಿಯದ್ದೇನೂ ತಪ್ಪಿಲ್ಲ. ಮೀಟರಿನಲ್ಲಿ ಎಪ್ಪತ್ತು ಸಾವಿರ ಚಿಲ್ಲರೆ. ಜೊತೆಗೆ ಮೆಕ್ಯಾನಿಕ್ ಒಬ್ಬನನ್ನು ಕರೆದುಕೊಂಡು ಹೋಗಿದ್ದೆ. ಅವನು ಆಯಿಲ್ ಕ್ಯಾಪ್ ತೆಗೆದು ನೋಡಿದ, ಬ್ಯಾಕ್ ಕಂಪ್ರೆಷನ್, ಅಂದರೆ ಸವೆದ ಇಂಜಿನ್ನಿನಲ್ಲಿ ಅಲ್ಲಿಂದ ಹೊಗೆ ನುಗ್ಗಿ ಬರೋದು, ಇರಲಿಲ್ಲ. ಸೈಲೆನ್ಸರಿನಲ್ಲಿ ನೀಲಿ ಹೊಗೆ ಇರಲಿಲ್ಲ. ಕ್ಲಚ್, ಗೇರ್, ಎಲ್ಲಾ ಸರಿ. "ಇಂಜಿನ್ ಕಣ್ಣುಮುಚ್ಚಿ ತಗೋಬಹುದು ಅಣ್ಣ" ಅಂದ. ಅವನು ಹೇಳಿದ್ದು ನಿಜವೇ. ಆ ಇಂಜಿನ್ ನನಗೆ ಒಂದು ದಿನವೂ ಕೈಕೊಡಲಿಲ್ಲ.

ಗಾಡಿ ಕೆಳಗಡೆ ಆಗಷ್ಟೇ ಕಪ್ಪು ಪೇಂಟ್ ಹೊಡೆಸಿದ್ದರು. ತುಕ್ಕು ಹಿಡಿಯದಿರಲಿ ಅಂತ, ಅಂದ ಬ್ರೋಕರ್. ಹಿಂದಿನ ಸ್ಪ್ರಿಂಗಿಗೆ ಎಕ್ಸ್‌ಟ್ರಾ ಪ್ಲೇಟ್ ಹಾಕಿಸಿದ್ದನ್ನೂ ಅವನೇ ಬಗ್ಗಿ ತೋರಿಸಿದ. "ನೋಡಿ ಸರ್, ಹೊಸದಾಗಿ ತಗೊಂಡರೆ ಇದನ್ನ ನೀವೇ ಹಾಕಿಸಬೇಕು, ಇದರಲ್ಲಿ ರೆಡಿ ಇದೆ." ನನಗೆ ಖುಷಿಯಾಯ್ತು. ಟೊಮೆಟೊ ಸೀಸನ್ನಿಗೆ ಹೇಳಿ ಮಾಡಿಸಿದ ಗಾಡಿ ಅಂದುಕೊಂಡು ಅಲ್ಲೇ ಅಡ್ವಾನ್ಸ್ ಕೊಟ್ಟೆ.

ಇದನ್ನ ಸ್ವಲ್ಪ ಉದ್ದವಾಗಿಯೇ ಹೇಳ್ತೀನಿ, ಬೇಜಾರಾಗಬೇಡಿ. ಎಕ್ಸ್‌ಟ್ರಾ ಪ್ಲೇಟ್ ಯಾರು ಹಾಕಿಸ್ತಾರೆ? ಕಂಪನಿ ಹೇಳಿದ್ದಕ್ಕಿಂತ ಜಾಸ್ತಿ ಲೋಡ್ ಹಾಕೋರು. ಅಂದರೆ ಆ ಪ್ಲೇಟು ಗಾಡಿಯ ಹಳೇ ಕಥೆಯನ್ನು ಬಾಯಿಬಿಟ್ಟು ಹೇಳುತ್ತಿತ್ತು. ನಾನು ಅದನ್ನ ಸರ್ಟಿಫಿಕೇಟ್ ಅಂದುಕೊಂಡೆ. ಸ್ಪ್ರಿಂಗಿನ ಕೆಲಸವೇ ಬಾಗೋದು. ಗುಂಡಿಗೆ ಚಕ್ರ ಇಳಿದಾಗ ಆ ಏಟನ್ನು ಅದು ಬಾಗಿ ನುಂಗಬೇಕು. ಪ್ಲೇಟ್ ಮೇಲೆ ಪ್ಲೇಟ್ ಸೇರಿಸಿದರೆ ಬಾಗೋದು ಕಮ್ಮಿಯಾಗುತ್ತೆ, ಏಟು ಹೋಗಿ ಚಾಸಿಗೆ, ಅಂದರೆ ಇಡೀ ಗಾಡಿಯನ್ನ ಹೊರೋ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಬೀಳುತ್ತೆ. ಲೋಡ್ ಹಾಕಿದಾಗ ಗಾಡಿ ಹಿಂದೆ ಕೂರೋದಿಲ್ಲ, ನೋಡೋಕೆ ಗಟ್ಟಿಯಾಗಿ ನಿಂತಿರುತ್ತೆ. ಚಾಸಿ ಮಾತ್ರ ಲೆಕ್ಕಕ್ಕೆ ಮೀರಿದ ಭಾರ ಹೊತ್ತು ಒಳಗೊಳಗೇ ಸೋಲುತ್ತಿರುತ್ತೆ. ನನ್ನ ಗಾಡಿಯ ಹಳೇ ಓನರ್ ಮನೆ ಕಟ್ಟೋ ಸಿಮೆಂಟಿನ ಹಾಲೋ ಬ್ಲಾಕ್ ಸಾಗಿಸುತ್ತಿದ್ದನಂತೆ. ಆಮೇಲೆ ಗೊತ್ತಾಯ್ತು. ಬ್ಲಾಕ್ ಫ್ಯಾಕ್ಟರಿಯಿಂದ ಪಕ್ಕದ ಊರಿನ ಸೈಟಿಗೆ ಹೋಗಿ ಬರೋ ಗಾಡಿ ದಿನಕ್ಕೆ ಎಷ್ಟು ಕಿಲೋಮೀಟರ್ ಓಡೀತು? ಮೀಟರ್ ಕಮ್ಮಿ ತೋರಿಸಿದ್ದು ಅದಕ್ಕೇ. ಮೀಟರ್ ತಿರುಗಿಸಿರಲೂ ಇಲ್ಲ, ಪಾಪ!

ಮೊದಲ ಸೀಸನ್ನಿನಲ್ಲೇ ಲೋಡ್ ಹಾಕಿದಾಗ ಸ್ಟೇರಿಂಗ್ ಎಡಕ್ಕೆ ಎಳೆಯೋಕೆ ಶುರುವಾಯ್ತು. ಅಲೈನ್ಮೆಂಟ್ ಮಾಡಿಸಿದೆ. ಮತ್ತೆ ಎಳೆಯಿತು. ಮುಂದಿನ ಟೈರ್ ಒಂದೇ ಕಡೆ ಸವೆಯಿತು, ಬದಲಾಯಿಸಿದೆ. ಕೊನೆಗೆ ಕೋಲಾರದಲ್ಲಿ ಒಬ್ಬ ಹಳೇ ವೆಲ್ಡರ್ ಹತ್ತಿರ ಬಾಡಿ ಕೊಂಡಿ ಸರಿಮಾಡಿಸೋಕೆ ಹೋಗಿದ್ದೆ. ಅವರು ಕೊಂಡಿ ನೋಡಲೇ ಇಲ್ಲ. ಕ್ಯಾಬಿನ್‌ಗೂ ಹಿಂದಿನ ಬಾಡಿಗೂ ಮಧ್ಯದ ಸಂದಿಯಲ್ಲಿ ಕೈ ಇಟ್ಟರು. ಕೆಳಗಡೆ ನಾಲ್ಕು ಬೆರಳು ಸಲೀಸಾಗಿ ಹೋದವು. ಮೇಲೆ ಎರಡೇ. "ಚಾಸಿ ಮಧ್ಯಕ್ಕೆ ಕುಸಿದಿದೆ. ಇದನ್ನ ಯಾರು ಕೊಡಿಸಿದ್ರು ನಿಮಗೆ?" ಅಂದರು.

ಕೆಳಗೆ ಮಲಗಿ ವೈರ್ ಬ್ರಷ್‌ನಲ್ಲಿ ಆ ಕಪ್ಪು ಪೇಂಟ್ ಉಜ್ಜಿದರು. ಕ್ಯಾಬಿನ್ನಿನ ಹಿಂದೆ, ಚಾಸಿಯ ಕೆಳ ಅಂಚಿನಿಂದ ಮೇಲಕ್ಕೆ ಬಿರುಕು. ಅದರ ಮೇಲೊಂದು ಕಬ್ಬಿಣದ ಪಟ್ಟಿ ಇಟ್ಟು ವೆಲ್ಡ್ ಮಾಡಿದ್ದರು. ಬಿರುಕಿನ ತುದಿಗೆ ಒಂದು ತೂತು ಹಾಕಿ ಆಮೇಲೆ ವೆಲ್ಡ್ ಮಾಡಬೇಕಂತೆ, ಇಲ್ಲವಾದರೆ ಅದು ಓಡ್ತಾನೇ ಇರುತ್ತಂತೆ. ಅದನ್ನೂ ಮಾಡಿರಲಿಲ್ಲ. ವೆಲ್ಡಿಂಗ್ ಶಾಖಕ್ಕೆ ಅಕ್ಕಪಕ್ಕದ ಕಬ್ಬಿಣ ಬೇರೆ ಶಕ್ತಿ ಕಳ್ಕೊಂಡಿತ್ತು. ಹಳೇ ವೆಲ್ಡ್ ಪಕ್ಕದಲ್ಲೇ ಹೊಸ ಬಿರುಕು ಕೂದಲೆಳೆಯಷ್ಟು ಸಣ್ಣಗೆ ಕಾಣುತ್ತಿತ್ತು. ರಿಪೇರಿ ಮಾಡಿಸಿದೆ, ಮತ್ತೆ ಬಿರುಕು ಬಿಟ್ಟಿತು. ಟೊಮೆಟೊಗೆ ರೇಟ್ ಇದ್ದ ಸೀಸನ್ ಪೂರ್ತಿ ಗಾಡಿ ಶೆಡ್ಡಿನಲ್ಲಿ, ನಾನು ಬೇರೆಯವರ ಗಾಡಿಯಲ್ಲಿ ಡ್ರೈವರ್. ಕಂತು ಮಾತ್ರ ತಿಂಗಳು ತಿಂಗಳು ತಪ್ಪದೆ ಹೋಗುತ್ತಿತ್ತು.

ಅದಕ್ಕೇ ಹೇಳ್ತಿರೋದು, ಆ ಒಂದು ಲಕ್ಷ ಕಿಲೋಮೀಟರ್ ಅನ್ನೋದನ್ನ ತಲೆಯಿಂದ ತೆಗೆದುಹಾಕಿ. ಎರಡು ಲಕ್ಷ ಓಡಿದ, ಬ್ರೆಡ್ಡೋ ಬಿಸ್ಕತ್ತೋ ಸಾಗಿಸಿದ ಗಾಡಿ ಸಿಕ್ಕರೆ ಸುಮ್ನೆ ತಗೊಳ್ಳಿ. ಇಂಜಿನ್ ಕೆಲಸಕ್ಕೆ ಒಂದು ರೇಟ್ ಅಂತ ಇದೆ, ಮಾಡಿಸಿದರೆ ಮುಗೀತು. ಬ್ಲಾಕ್, ಜಲ್ಲಿ, ಎಂ ಸ್ಯಾಂಡ್ ಹೊತ್ತ ಗಾಡಿ ಶೋರೂಮಿನಲ್ಲಿ ಇರೋ ಥರ ಹೊಳೆಯುತ್ತಿದ್ದರೂ ಬೇಡ. ಏನು ಸಾಗಿಸ್ತಿದ್ರಿ ಅಂತ ಬ್ರೋಕರ್‌ನ ಕೇಳಬೇಡಿ, ಓನರ್ ಮನೆಗೇ ಹೋಗಿ ಕೇಳಿ. ಬಾಡಿಯ ಮೂಲೆಯಲ್ಲಿ ಬೆರಳಾಡಿಸಿದರೆ ಸಿಮೆಂಟ್ ಪುಡಿ ಕೂಡ ಮಾತಾಡುತ್ತೆ. ಕೆಳಗೆ ಹೊಸ ಪೇಂಟ್ ಕಂಡರೆ ಉಜ್ಜಿ ನೋಡ್ತೀನಿ ಅನ್ನಿ. ಒಪ್ಪದಿದ್ದರೆ ಎದ್ದು ಬನ್ನಿ.

ಪೇಪರ್ ವಿಷಯ ಬೇಗ ಹೇಳಿಬಿಡ್ತೀನಿ. ಆರ್‌ಸಿ (ಗಾಡಿಯ ನೋಂದಣಿ ಪತ್ರ) ಮೇಲೆ ಫೈನಾನ್ಸ್ ಇದ್ದರೆ, ಸಾಲ ಕೊಟ್ಟವರ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಮತ್ತು ಸಾಲ ತೀರಿದೆ ಅನ್ನೋ ಫಾರಂ 35 ಕೈಗೆ ಬರೋತನಕ ಪೂರ್ತಿ ದುಡ್ಡು ಕೊಡಬೇಡಿ. ಗಾಡಿ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸಹಿ ಆದ ಮೇಲೆ ನಿಮ್ಮ ಹೆಸರಿಗೆ ಮಾಡಿಸೋದನ್ನ ನಾಳೆ ಅನ್ನಬೇಡಿ. ಎಂಟು ವರ್ಷ ದಾಟಿದ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಮಾಡಿಸಬೇಕು, ಆ ಖರ್ಚೂ ಬಜೆಟ್‌ನಲ್ಲಿ ಇರಲಿ. ಗಾಡಿ, ಲೋಡ್ ಸೇರಿ ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಕಿಲ್ಲ. ಲೈಸೆನ್ಸ್ ಚಿಂತೆ ಬಿಡಿ, 7,500 ಕೆ.ಜಿ. ಒಟ್ಟು ತೂಕದ ತನಕ ಎಲ್‌ಎಂವಿ, ಅಂದರೆ ಕಾರಿನ ಲೈಸೆನ್ಸೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಇನ್ನು ಏಸಾ, ದೋಸ್ತಾ? ಹಳೇ ಡೀಸೆಲ್ ಏಸ್ ಹೊರೋದು 750 ಕೆ.ಜಿ. ಕೋಲಾರದ ಟೊಮೆಟೊ ಬಾಕ್ಸ್ 15 ಕೆ.ಜಿ. ಲೆಕ್ಕಕ್ಕೆ ಐವತ್ತು ಬಾಕ್ಸು, ಕ್ರೇಟಿನ ತೂಕ ಹಿಡಿದರೆ ಅಷ್ಟೂ ಇಲ್ಲ. ಮಂಡಿ ಹತ್ತಿರ ನಿಂತು ನೋಡಿ, ಐವತ್ತಕ್ಕೆ ನಿಲ್ಲಿಸೋರು ಎಷ್ಟು ಜನ ಇದ್ದಾರೆ ಅಂತ. ಮೊದಲು ಬಂದ ದೋಸ್ತ್ 1.25 ಟನ್ನಿನದು. ದಿನಾ ಒಂದು ಟನ್ ಸಾಗಿಸಬೇಕಿದ್ದರೆ ಏಸ್ ತಗೊಂಡು ಪ್ಲೇಟ್ ಹಾಕಿಸಬೇಡಿ, ದೊಡ್ಡ ಗಾಡಿಯನ್ನೇ ತಗೊಳ್ಳಿ. ಓವರ್‌ಲೋಡ್ ಅಂತ ಹಿಡಿದರೆ ಕಾನೂನಿನಲ್ಲಿ 20,000 ರೂಪಾಯಿ ದಂಡ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000. ಪೇಟೆ ಒಳಗೆ ಅಂಗಡಿ ಅಂಗಡಿಗೆ ಹಗುರ ಸಾಮಾನು ಹಾಕೋದಾದರೆ ಏಸ್ ಸಾಕು, ಸಣ್ಣ ಬೀದಿಯಲ್ಲಿ ತಿರುಗುತ್ತೆ.

ಆದರೆ ಏನು ಸಾಗಿಸ್ತೀರಿ ಅನ್ನೋದನ್ನೇ ನೀವು ಬರೆದಿಲ್ಲವಲ್ಲ. ಒಂದು ತಿಂಗಳು ಯಾರದಾದರೂ ಗಾಡಿಯನ್ನ ದಿನದ ಬಾಡಿಗೆಗೆ ತಗೊಂಡು ಓಡಿಸಿ. ಯಾವ ಲೋಡು, ಎಷ್ಟು ತೂಕ, ವಾಪಸ್ ಬರುವಾಗ ಖಾಲಿ ಬರ್ತೀರಾ ಅಂತ ನೋಡಿಕೊಂಡು ಇಲ್ಲಿ ಬರೆಯಿರಿ. ಆಗ ಗಾಡಿ ಹೆಸರು ಹೇಳ್ತೀನಿ.