ಕೇಬಲ್ ಸುತ್ತುವ ಕೈಗೂ ವೃತ್ತಿಯಿದೆಯೇ?

ಪ್ರಶ್ನೆ: ನನಗೆ 19 ವರ್ಷ. ಸ್ಥಳೀಯರೇ ಕೂಡಿ ನಡೆಸುವ ಚಿಕ್ಕ ಸಂಗೀತ ಸಭಾಂಗಣವೊಂದಕ್ಕೆ ವರ್ಷದಿಂದ ವಾರಾಂತ್ಯಗಳಲ್ಲಿ ಹೋಗಿ ಕುರ್ಚಿ ಹಾಕುವ, ಕೇಬಲ್ ಸುತ್ತುವ, ಬಾಗಿಲಲ್ಲಿ ಟಿಕೆಟ್ ನೋಡುವ ಕೆಲಸ ಮಾಡುತ್ತಿದ್ದೇನೆ. ನನಗೆ ಹಾಡಲು ಬಾರದು, ವಾದ್ಯವೂ ತಿಳಿಯದು. ಆದರೂ ಇದೇ ಲೋಕದಲ್ಲಿ ಬದುಕು ಕಟ್ಟಿಕೊಳ್ಳುವ ಆಸೆಯಿದೆ. ಮನೆಯವರು ಇದನ್ನು ಬಿಟ್ಟಿ ಚಾಕರಿ ಎನ್ನುತ್ತಾರೆ. ನಿಜಕ್ಕೂ ಇಲ್ಲಿಂದ ವೃತ್ತಿಗೆ ದಾರಿಯಿದೆಯೇ?

ಉತ್ತರ: ದಾರಿಯಿದೆ. ಆದರೆ ನಿಮ್ಮ ಮನೆಯವರ ಮಾತಿನಲ್ಲಿಯೂ ಅರ್ಧ ಸತ್ಯವಿದೆ. ಅದಕ್ಕೆ ಆಮೇಲೆ ಬರುತ್ತೇನೆ.

ಪ್ರೇಕ್ಷಕರ ಕಣ್ಣಿಗೆ ಬೀಳುವವರು ವೇದಿಕೆಯ ಮೇಲಿನ ನಾಲ್ಕೈದು ಮಂದಿ ಮಾತ್ರ. ಅವರ ದನಿಯನ್ನು ಸಭೆಗೆ ಹದವಾಗಿ ಮುಟ್ಟಿಸುವ ಧ್ವನಿ ಎಂಜಿನಿಯರ್, ಕಲಾವಿದರಿಗೆ ತಮ್ಮ ದನಿ ತಮಗೇ ಕೇಳಿಸುವಂತೆ ಮಾನಿಟರ್ ಎಂಬ ಸ್ಪೀಕರುಗಳನ್ನು ನೋಡಿಕೊಳ್ಳುವವರು, ಬೆಳಕು ನಿರ್ವಹಿಸುವವರು, ಯಾವ ತಂಡ ಎಷ್ಟು ಹೊತ್ತಿಗೆ ವೇದಿಕೆ ಏರಬೇಕು, ಇಳಿಯಬೇಕು ಎಂದು ಗಡಿಯಾರ ನೋಡುತ್ತ ನಿಲ್ಲುವ ವ್ಯವಸ್ಥಾಪಕರು, ತಂಡಗಳನ್ನು ಗೊತ್ತುಮಾಡಿ ಲೆಕ್ಕ ತೀರಿಸುವವರು, ಇವರೆಲ್ಲರೂ ಇದರಿಂದಲೇ ಜೀವನ ಸಾಗಿಸುವವರು. ಕ್ರೀಡಾಂಗಣದಲ್ಲಿ ನಡೆಯುವ ದೊಡ್ಡ ಕಾರ್ಯಕ್ರಮದಲ್ಲಿ ಈ ಹೊಣೆಗಳು ಹತ್ತಾರು ಕೈಗಳಿಗೆ ಹಂಚಿಹೋಗಿರುವುದರಿಂದ ಹೊಸಬರಿಗೆ ಕೆಲಸದ ಒಂದು ಮೂಲೆಯಷ್ಟೇ ಕಾಣುತ್ತದೆ. ನೂರೈವತ್ತು ಜನ ಹಿಡಿಸುವ ಸಭಾಂಗಣದಲ್ಲಿ ಇಬ್ಬರೋ ಮೂವರೋ ಎಲ್ಲವನ್ನೂ ನಿಭಾಯಿಸುತ್ತಾರೆ. ಅವರ ಪಕ್ಕದಲ್ಲಿ ನಿಂತವರಿಗೆ ಇಡೀ ಕೆಲಸದ ಆದಿ ಅಂತ್ಯಗಳು ತಿಳಿಯುತ್ತವೆ. ಕೈತಪ್ಪಿದರೂ ಆಗುವ ನಷ್ಟ ಚಿಕ್ಕದು.

ಇದನ್ನೇ ಉದ್ದೇಶವಾಗಿ ಇಟ್ಟುಕೊಂಡ ಜಾಗಗಳೂ ಇವೆ. ಅಮೆರಿಕದ ಸಿಯಾಟಲ್ ನಗರದಲ್ಲಿ 1985ರ ಕಟ್ಟಳೆಯೊಂದು ಹದಿಹರೆಯದವರ ಸಂಗೀತ ಕೂಟಗಳ ಮೇಲೆ ದುಬಾರಿ ವಿಮೆ, ಕಾವಲು ಮುಂತಾದ ಷರತ್ತುಗಳನ್ನು ಹೇರಿ, ಅವುಗಳನ್ನು ನಡೆಸುವುದೇ ದುಸ್ತರವಾಗುವಂತೆ ಮಾಡಿತ್ತು. 2002ರಲ್ಲಿ ಆ ಕಟ್ಟಳೆ ರದ್ದಾಗುವ ಮುನ್ನವೇ, 2001ರಲ್ಲಿ, ಅಲ್ಲಿ ವೆರಾ ಪ್ರಾಜೆಕ್ಟ್ ಎಂಬ ಸಂಸ್ಥೆ ಹುಟ್ಟಿತು. ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗನ್‌ನಲ್ಲಿ ಸ್ವಯಂಸೇವಕರ ಬಲದಿಂದ ನಡೆಯುವ ವೆರಾ ಎಂಬ ಸಂಗೀತ ಕ್ಲಬ್ ಅದಕ್ಕೆ ಮಾದರಿ. ಧ್ವನಿ ಮತ್ತು ಬೆಳಕಿನ ಕೆಲಸವನ್ನು ಸಿಯಾಟಲ್‌ನ ಈ ಸಂಸ್ಥೆಯಲ್ಲಿ ಯುವಜನರಿಗೆ ಕಲಿಸುತ್ತಾರೆ. ಕಲಿತವರು ಅದೇ ವೇದಿಕೆಯ ಕಾರ್ಯಕ್ರಮಗಳಲ್ಲಿ ಅದನ್ನು ಮಾಡುತ್ತಾರೆ. ಲಂಡನ್ನಿನ ರೌಂಡ್‌ಹೌಸ್ 1847ರಲ್ಲಿ ರೈಲು ಎಂಜಿನ್‌ಗಳಿಗಾಗಿ ಕಟ್ಟಿದ ದುಂಡನೆಯ ಶೆಡ್ಡು. 2006ರಲ್ಲಿ ಅದು ಮತ್ತೆ ತೆರೆದಾಗ ಮುಖ್ಯ ಸಭಾಂಗಣದ ಅಡಿಯಲ್ಲೇ ಯುವಜನರಿಗೆಂದು ಸ್ಟುಡಿಯೋಗಳನ್ನು ಮಾಡಿದ್ದರು. ಕಲಿಯುವವರ ತಲೆಯ ಮೇಲೆಯೇ ನಿಜವಾದ ಸಂಗೀತ ಕಛೇರಿ ನಡೆಯುವುದು ನನಗೆ ಆ ಕಟ್ಟಡದಲ್ಲಿ ಬಹಳ ಹಿಡಿಸಿದ ಸಂಗತಿ.

ಇನ್ನು ನಿಮ್ಮ ಮುಂದಿನ ಹೆಜ್ಜೆ. ಕೇಬಲ್ ಸುತ್ತುವುದನ್ನು ಕೀಳೆಂದು ಭಾವಿಸಬೇಡಿ. ಒಂದು ಸುತ್ತನ್ನು ಮೇಲಿನಿಂದಲೂ ಮತ್ತೊಂದನ್ನು ಒಳಮುಖವಾಗಿಯೂ ಹಾಕಿ ಸುತ್ತಿದ ಕೇಬಲ್ ಎಸೆದರೆ ಗಂಟಾಗದೆ ಬಿಚ್ಚಿಕೊಳ್ಳುತ್ತದೆ, ಒಳಗಿನ ತಂತಿಯೂ ಮುರುಟುವುದಿಲ್ಲ. ಹೊಸಬರನ್ನು ಹಿರಿಯ ಎಂಜಿನಿಯರ್‌ಗಳು ಅಳೆಯುವುದು ಇಂಥದ್ದರಿಂದಲೇ. ಆದರೆ ಒಂದು ವರ್ಷವಾದ ಮೇಲೂ ಅಷ್ಟಕ್ಕೇ ನಿಲ್ಲಬಾರದು. ಮುಂದಿನ ಕಾರ್ಯಕ್ರಮಕ್ಕೆ ವೇದಿಕೆಯ ನಕ್ಷೆಯನ್ನೂ ಯಾವ ಮೈಕು ಮಿಕ್ಸರಿನ (ಎಲ್ಲ ಮೈಕುಗಳ ದನಿಯನ್ನು ಕೂಡಿಸಿ ಹದಮಾಡುವ ಯಂತ್ರದ) ಯಾವ ಚಾನೆಲ್‌ಗೆ ಹೋಗಬೇಕೆಂಬ ಪಟ್ಟಿಯನ್ನೂ ನೀವೇ ಬರೆದು ಎಂಜಿನಿಯರ್ ಅವರಿಗೆ ತೋರಿಸಿ. ತಂಡ ಬರುವ ಮೊದಲು ಒಂದೊಂದೇ ಮೈಕನ್ನು ತಟ್ಟಿ ಪರೀಕ್ಷಿಸುವ ಹೊಣೆಯನ್ನು ಕೇಳಿ ಪಡೆಯಿರಿ. ಒಳಗಿನ ಸರ್ಕ್ಯೂಟಿಗೆ ವಿದ್ಯುತ್ ಬೇಡುವ ಕಂಡೆನ್ಸರ್ ಮೈಕಿಗೆ ಮಿಕ್ಸರ್‌ನಿಂದ 48 ವೋಲ್ಟ್ ಏಕೆ ಕೊಡಬೇಕು, ಆಂಪ್ಲಿಫೈಯರನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚಿ ಮೊದಲು ಆರಿಸಬೇಕಾದ ಕಾರಣವೇನು ಎಂಬುದನ್ನು ಕೈಯಿಂದ ಮಾಡಿಯೇ ತಿಳಿದುಕೊಳ್ಳಿ. ಕ್ರಮ ತಪ್ಪಿದರೆ ಸ್ಪೀಕರುಗಳಿಂದ ಬರುವ ಧಡ್ ಎಂಬ ಸದ್ದು ಆ ಪಾಠವನ್ನು ಒಂದೇ ಸಲಕ್ಕೆ ಕಲಿಸಿಬಿಡುತ್ತದೆ. ಆರಂಭದಲ್ಲಿ ಹಾಡುವ ಹೊಸ ತಂಡಕ್ಕೆ ಧ್ವನಿ ಹೊಂದಿಸುವ ಅವಕಾಶ ಸಿಗುವುದು ಇದೆಲ್ಲವೂ ಆದ ಬಳಿಕ.

ಕಿವಿಯನ್ನು ಈಗಿನಿಂದಲೇ ಕಾಪಾಡಿಕೊಳ್ಳಿ. ಕೆಲಸದ ಸ್ಥಳದ ಸದ್ದಿಗೆ ಸಂಬಂಧಿಸಿದ ಒಂದು ಪ್ರಸಿದ್ಧ ಅಳತೆಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು; ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಮುಟ್ಟಿದಾಗ ಉಳಿಯುವುದು 15 ನಿಮಿಷ ಮಾತ್ರ. ಈ ವೃತ್ತಿಯ ಬಂಡವಾಳವೇ ಕಿವಿ, ಹಾಗಾಗಿ ಇಯರ್‌ಪ್ಲಗ್ ಬಳಸಲು ಸಂಕೋಚ ಬೇಡ.

ಮನೆಯವರ ಮಾತಿಗೆ ಬರೋಣ. ಪಕ್ಕದಲ್ಲಿ ನಿಂತು ಹೇಳಿಕೊಡುವವರಿದ್ದು, ಕೆಲವು ತಿಂಗಳಿಗೊಮ್ಮೆ ನಿಮ್ಮ ಹೊಣೆ ಬೆಳೆಯುತ್ತಿದ್ದರೆ ಅದು ಕಲಿಕೆ. ಅದೇ ಕೆಲಸಕ್ಕೆ ಇನ್ನೊಬ್ಬರಿಗೆ ಸಂಬಳ ಸಿಗುತ್ತಿದ್ದು, ನಿಮಗೆ ಬೆನ್ನು ತಟ್ಟುವಿಕೆ ಮಾತ್ರ ಸಿಗುತ್ತಿದ್ದರೆ ಮನೆಯವರು ಹೇಳಿದ್ದೇ ಸರಿ. ನೀವೊಬ್ಬರೇ ಒಂದು ಸಂಜೆಯನ್ನು ನಿಭಾಯಿಸುವಷ್ಟಾದ ದಿನ ಸಂಭಾವನೆಯ ಮಾತೆತ್ತಿ. ಸಂಜೆಗಳ ದಿನಾಂಕ, ನೀವು ಮಾಡಿದ ಕೆಲಸ, ಬಳಸಿದ ಮಿಕ್ಸರಿನ ಹೆಸರು ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡಿ. ಬೇರೆಡೆ ಕೆಲಸ ಕೇಳುವಾಗ ಪ್ರಮಾಣಪತ್ರಕ್ಕಿಂತ ಅದು ಹೆಚ್ಚು ನೆರವಾಗುತ್ತದೆ.

ಪ್ರಶ್ನೆ: ನಾವು ನಾಲ್ವರು ಗೆಳೆಯರ ಹೊಸ ಬ್ಯಾಂಡ್. ನಲವತ್ತು ಟಿಕೆಟ್‌ಗಳನ್ನು ಮುಂಗಡವಾಗಿ ಕೊಂಡು ನೀವೇ ಮಾರಿಕೊಂಡರೆ ವೇದಿಕೆ ಕೊಡುತ್ತೇವೆಂದು ಒಬ್ಬ ಆಯೋಜಕರು ಹೇಳಿದ್ದಾರೆ. ಒಪ್ಪಬಹುದೇ?

ಉತ್ತರ: ಬೇಡ. ನಷ್ಟದ ಭಾರವನ್ನೆಲ್ಲ ನಿಮ್ಮ ಮೇಲೆ ಹೊರಿಸುವವರು ಆಯೋಜಕರಲ್ಲ, ಟಿಕೆಟ್ ವ್ಯಾಪಾರಿಗಳು. ನಿಗದಿತ ಮೊತ್ತ ಇಲ್ಲವೇ ಬಾಗಿಲಲ್ಲಿ ವಸೂಲಾದ ಟಿಕೆಟ್ ಹಣದಲ್ಲಿ ಖರ್ಚು ಕಳೆದು ಉಳಿದದ್ದರಲ್ಲಿ ಪಾಲು, ಇವೆರಡರಲ್ಲಿ ಒಂದನ್ನು ಕೇಳಿ. ಪಾಲಾದರೆ ಯಾವುದನ್ನೆಲ್ಲ ಖರ್ಚೆಂದು ಲೆಕ್ಕ ಹಿಡಿಯುತ್ತಾರೆಂಬುದನ್ನು ಮೊದಲೇ ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ನಮ್ಮ ಸಮಿತಿ ನಡೆಸುವ ಸಭಾಂಗಣಕ್ಕೆ ಯುವಜನರು ಪ್ರೇಕ್ಷಕರಾಗಿ ಬರುತ್ತಾರೆ, ಕೆಲಸಕ್ಕೆ ನಿಲ್ಲುವುದಿಲ್ಲ. ಏನು ಮಾಡಬೇಕು?

ಉತ್ತರ: ತಿಂಗಳಿಗೊಂದು ಸಂಜೆಯನ್ನು ಪೂರ್ತಿಯಾಗಿ ಅವರಿಗೇ ಬಿಟ್ಟುಕೊಡಿ. ತಂಡದ ಆಯ್ಕೆ, ಪ್ರಚಾರ, ಧ್ವನಿ, ಬೆಳಕು, ಕೊನೆಯ ಲೆಕ್ಕ, ಎಲ್ಲವೂ ಅವರದಾಗಲಿ. ವಿದ್ಯುತ್ ಮತ್ತು ಬೆಂಕಿಯ ಸುರಕ್ಷತೆಯನ್ನು ಮಾತ್ರ ಹಿರಿಯರೊಬ್ಬರು ನೋಡಿಕೊಳ್ಳಲಿ. ಮಿಕ್ಸರಿನ ಹಿಂದೆ ಅನುಭವಿಗಳೊಬ್ಬರು ಕುಳಿತಿರಬಹುದು, ಆದರೆ ಕೇಳುವವರೆಗೆ ಅವರು ಯಾವ ಗುಂಡಿಯನ್ನೂ ಮುಟ್ಟಬಾರದು.