ಅಂಕಪಟ್ಟಿಯಲ್ಲಿ ಇಲ್ಲದ ಮಂಜು

ಪ್ರಿಯರೇ,

ಟೊನಾವಾಂಡ ಕಾರ್ಡೆಕ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡದ ಏಕೈಕ ಲೀಗ್ ಋತುವನ್ನು ಕುರಿತು ನೀವು ಕಳಿಸಿದ ‘ಒಂದೇ ದಿನ ಬಾಳಿದವರು’ ಲೇಖನ ತಲುಪಿದೆ. ವಿಷಯದ ಆಯ್ಕೆ ಚೆನ್ನಾಗಿದೆ. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗಾದ ಈಗಿನ ಎನ್‌ಎಫ್‌ಎಲ್‌ನ ಆರಂಭದ ವರ್ಷಗಳಲ್ಲಿ ಒಂದೇ ಒಂದು ಪಂದ್ಯವಾಡಿ, 45-0 ಅಂತರದಿಂದ ಸೋತು, ಮತ್ತೆಂದೂ ಆ ಲೀಗಿನಲ್ಲಿ ಕಾಣಿಸಿಕೊಳ್ಳದ ತಂಡವೊಂದಿತ್ತು ಎಂಬುದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಹೊಸ ಸಂಗತಿ. ನಿಮ್ಮ ಭಾಷೆಯೂ ಸರಾಗವಾಗಿದೆ. ಆದರೂ ಲೇಖನವನ್ನು ಈಗಿರುವ ರೂಪದಲ್ಲಿ ಪ್ರಕಟಿಸಲಾರೆ. ಅದಕ್ಕೆ ಕಾರಣವಾದ ಎರಡು ದೋಷಗಳನ್ನಷ್ಟೇ ಇಲ್ಲಿ ಬಿಡಿಸಿ ಹೇಳುತ್ತೇನೆ; ಸಣ್ಣಪುಟ್ಟವನ್ನು ಕರಡು ತಿದ್ದುವವರು ನೋಡಿಕೊಳ್ಳುತ್ತಾರೆ.

ಮೊದಲ ದೋಷ, ಆಧಾರವಿಲ್ಲದ್ದನ್ನು ಸೇರಿಸಿದ್ದು. ನಿಮ್ಮ ಮೊದಲ ವಾಕ್ಯ ಹೀಗಿದೆ: ‘1921ರ ನವೆಂಬರ್ 6ರ ಆ ಮಂಜು ಮುಸುಕಿದ ಮುಂಜಾನೆ, ಟೊನಾವಾಂಡದ ಹನ್ನೊಂದು ವೀರರು ಇತಿಹಾಸದ ಬಾಗಿಲು ತಟ್ಟಿದರು.’ ತಾರೀಖು ಸರಿಯಾಗಿದೆ, ಅದು ಭಾನುವಾರವಾಗಿತ್ತು. ಆದರೆ ಮಂಜು ಎಲ್ಲಿಂದ ಬಂತು? ನೀವು ಲೇಖನದ ಜೊತೆಗೆ ಕಳಿಸಿದ ಟಿಪ್ಪಣಿಗಳಲ್ಲಿ ಹವಾಮಾನದ ಒಂದು ಮಾತೂ ಇಲ್ಲ. ನಿಮಗೆ ನಿಜವಾಗಿ ಗೊತ್ತಿದ್ದ ಸಂಗತಿಯೋ, ಅಂದರೆ ಪಂದ್ಯ ನಡೆದದ್ದು ಟೊನಾವಾಂಡದಲ್ಲಲ್ಲ, ಸುಮಾರು ನೂರು ಕಿಲೋಮೀಟರ್ ಪೂರ್ವಕ್ಕಿರುವ ರೋಚೆಸ್ಟರ್‌ನಲ್ಲಿ, ಅಲ್ಲಿನ ಜೆಫರ್ಸನ್ಸ್ ತಂಡದ ವಿರುದ್ಧ ಎಂಬುದು, ನಾಲ್ಕನೆಯ ಪುಟದವರೆಗೆ ಬರುವುದೇ ಇಲ್ಲ. ಊರವರ ಎದುರಿನಲ್ಲಿ ಒಂದು ಲೀಗ್ ಪಂದ್ಯವನ್ನೂ ಆಡದ ತಂಡವಿದು. ಇಷ್ಟು ಗಟ್ಟಿಯಾದ ಸಂಗತಿಯನ್ನು ಹಿಂದೆ ತಳ್ಳಿ ಮಂಜನ್ನು ಮುಂದೆ ತಂದದ್ದೇಕೆಂದು ನನಗೆ ಅರ್ಥವಾಗಲಿಲ್ಲ.

ಎರಡನೆಯ ಪುಟದಲ್ಲಿ ‘ಅಂಚಿನ ಗೆರೆಯ ಬಳಿ ನಿಂತಿದ್ದ ತರಬೇತುದಾರ ಟ್ಯಾಮ್ ರೋಸ್ ಕಣ್ಣೀರು ಒರೆಸಿಕೊಂಡು, ಹುಡುಗರೇ, ನಾಳೆ ನಮ್ಮದು ಎಂದ’ ಎಂದು ಬರೆದಿದ್ದೀರಿ. ಟ್ಯಾಮ್ ಎಂದು ಕರೆಸಿಕೊಳ್ಳುತ್ತಿದ್ದ ಈ ವಾಲ್ಟರ್ ರೋಸ್ ತರಬೇತುದಾರನೂ ಹೌದು, ಆಟಗಾರನೂ ಹೌದು. ತಂಡದಲ್ಲಿ ಆಡುತ್ತಲೇ ಅದನ್ನು ನಡೆಸುತ್ತಿದ್ದ ಮನುಷ್ಯನನ್ನು ನೀವು ಈ ಕಾಲದ ದೂರದರ್ಶನದ ದೃಶ್ಯದಿಂದ ಎತ್ತಿಕೊಂಡು ಗೆರೆಯಾಚೆ ನಿಲ್ಲಿಸಿದ್ದೀರಿ. ಒಬ್ಬನೇ ಆಟಗಾರ ದಾಳಿಯಲ್ಲೂ ರಕ್ಷಣೆಯಲ್ಲೂ ಆಡುತ್ತಿದ್ದ, ಬದಲಿ ಆಟಗಾರರನ್ನು ಇಳಿಸಲು ಬಿಗಿಯಾದ ಮಿತಿಯಿದ್ದ ಕಾಲವದು. ಹಾಗೆ ಮೈದಾನದಲ್ಲೇ ಉಳಿದು 45 ಅಂಕ ಬಿಟ್ಟುಕೊಡುವುದು ಎಂದರೇನು ಎಂದು ವಿವರಿಸಿದ್ದರೆ ಕಣ್ಣೀರಿನ ಅಗತ್ಯ ಬೀಳುತ್ತಿರಲಿಲ್ಲ. ಆತನ ಬಾಯಲ್ಲಿ ನೀವು ಇಟ್ಟ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬದುಕಿದ್ದ ಮನುಷ್ಯನೊಬ್ಬ ಆಡಿದ್ದಕ್ಕೆ ಆಧಾರವಿಲ್ಲದ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ನಮ್ಮ ಪತ್ರಿಕೆಗೆ ಕಳಿಸಬೇಡಿ.

ಅದೇ ಪುಟದ ಕೊನೆಯಲ್ಲಿ ‘ಲೀಗಿನ ಇತಿಹಾಸದಲ್ಲೇ ಅತ್ಯಂತ ಹೀನಾಯ ಸೋಲು’ ಎಂದಿದ್ದೀರಿ. ಇದು ತಪ್ಪು. ಹಿಂದಿನ ವರ್ಷವೇ, 1920ರ ಅಕ್ಟೋಬರ್‌ನಲ್ಲಿ, ಮನ್ಸಿ ಫ್ಲೈಯರ್ಸ್ ತಂಡ ರಾಕ್ ಐಲ್ಯಾಂಡ್ ಎದುರು ಇದೇ 45-0 ಅಂತರದಿಂದ ಸೋತಿತ್ತು. ಆ ವರ್ಷ ಅದು ಆಡಿದ ಲೀಗ್ ಪಂದ್ಯವೂ ಅದೊಂದೇ. 1921ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಬ್ರಿಕ್ಲಿ ಜೈಂಟ್ಸ್ ಬಫಲೋ ಎದುರು 55-0ರಿಂದ ಸೋತರು. ಇಂತಹ ಸೋಲು ಆಗ ಅಪರೂಪವೇ ಆಗಿರಲಿಲ್ಲ ಎಂಬುದು ನಿಮ್ಮ ಕಥೆಗೆ ಹೆಚ್ಚು ಉಪಯುಕ್ತವಾದ ಸತ್ಯ.

ನಾನು ಕೆಲಸ ಕಲಿತದ್ದು ದಿನಪತ್ರಿಕೆಯೊಂದರ ಕ್ರೀಡಾ ವಿಭಾಗದಲ್ಲಿ, ಇನ್ನೂ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ. ದೂರದ ಊರಿನ ರಣಜಿ ಪಂದ್ಯಗಳದು ಎಷ್ಟೋ ರಾತ್ರಿ ಟೆಲಿಪ್ರಿಂಟರ್‌ನಲ್ಲಿ ಬರೀ ಅಂಕಪಟ್ಟಿ ಬರುತ್ತಿತ್ತು, ವರದಿ ಬರುತ್ತಿರಲಿಲ್ಲ. ನಮ್ಮ ಹಿರಿಯ ಉಪಸಂಪಾದಕರು ಆ ಚೀಟಿಯನ್ನು ಹೊಸಬರ ಮುಂದೆ ಹಾಕಿ, ‘ಇದರಲ್ಲಿ ಇರೋದನ್ನ ಮಾತ್ರ ಓದಿ ಹೇಳ್ರಪ್ಪ’ ಎನ್ನುತ್ತಿದ್ದರು. ಒಬ್ಬ ಬೌಲರ್ ಅಷ್ಟೊಂದು ಓವರ್ ಹಾಕಿದ್ದಾನೆಂದರೆ ಇನ್ನೊಬ್ಬನಿಗೆ ಏನೋ ಆಗಿರಬೇಕು. ಕೊನೆಯ ನಾಲ್ವರಲ್ಲಿ ಇಬ್ಬರು ರನ್ ಔಟ್ ಆಗಿದ್ದಾರೆಂದರೆ ಅವಸರವಿತ್ತು. ಅಷ್ಟರಿಂದಲೇ ಅವರು ಒಂದು ಕಾಲಂ ಬರೆಸುತ್ತಿದ್ದರು. ‘ರೋಚಕ’ ಎಂಬ ಪದ ಕಂಡರೆ ಮಾತ್ರ ಕೆಂಪು ಪೆನ್ಸಿಲ್ ಕಾಗದವನ್ನೇ ಹರಿಯುವಂತೆ ಗೀಚುತ್ತಿತ್ತು. ಅವರ ಬಗ್ಗೆ ನಮಗೆ ಭಯವಿತ್ತು, ಪ್ರೀತಿ ಬಹಳ ತಡವಾಗಿ ಬಂತು.

ಈಗ ಎರಡನೆಯ ದೋಷ, ನನ್ನ ದೃಷ್ಟಿಯಲ್ಲಿ ಇನ್ನೂ ದೊಡ್ಡದು. ‘ಒಂದೇ ದಿನ ಹುಟ್ಟಿ, ಅದೇ ದಿನ ಸತ್ತ ತಂಡ’ ಎಂದು ನೀವು ಮತ್ತೆ ಮತ್ತೆ ಹೇಳುತ್ತೀರಿ, ಶೀರ್ಷಿಕೆಯೂ ಅದೇ. ನಾರ್ತ್ ಟೊನಾವಾಂಡ, ನಯಾಗರಾ ನದಿಯೂ ಈರಿ ಕಾಲುವೆಯೂ ಸೇರುವಲ್ಲಿ ಮರದ ವ್ಯಾಪಾರದಿಂದ ಬೆಳೆದ ಊರು. ಅಲ್ಲಿನ ತಂಡ 1910ರ ದಶಕದಲ್ಲೇ ಆಲ್-ಟೊನಾವಾಂಡ ಎಂಬ ಹೆಸರಿನಲ್ಲಿ ಸುತ್ತಲಿನ ಊರುಗಳೊಂದಿಗೆ ಆಡುತ್ತಿತ್ತು. ಒಂದೇ ದಿನದ್ದು ತಂಡದ ಬಾಳಲ್ಲ, ಲೀಗಿನ ದಾಖಲೆಯಲ್ಲಿ ಅದಕ್ಕೆ ಸಿಕ್ಕ ಸಾಲು.

ಆ ದಾಖಲೆಯಾದರೂ ಎಂಥದು? 1920ರಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ, ರಾಲ್ಫ್ ಹೇ ಎಂಬವರ ಮೋಟಾರು ಮಳಿಗೆಯಲ್ಲಿ ಸೇರಿದವರು ಕಟ್ಟಿದ ಸಂಘ ಅದು. ಎನ್‌ಎಫ್‌ಎಲ್ ಎಂಬ ಹೆಸರು ಬಂದದ್ದು 1922ರಲ್ಲಿ. 1921ರಲ್ಲಿ 20ಕ್ಕೂ ಹೆಚ್ಚು ತಂಡಗಳಿದ್ದವು, ಆದರೆ ಎಲ್ಲರಿಗೂ ಸಮನಾದ ವೇಳಾಪಟ್ಟಿ ಇರಲಿಲ್ಲ. ಪ್ರತಿ ತಂಡವೂ ತನ್ನ ಪಂದ್ಯಗಳನ್ನು ತಾನೇ ಗೊತ್ತುಮಾಡಿಕೊಳ್ಳುತ್ತಿತ್ತು, ಸಂಘದ ಹೊರಗಿನವರ ಜೊತೆಗೂ ಆಡುತ್ತಿತ್ತು. ಯಾವುದು ಲೀಗ್ ಪಂದ್ಯ, ಯಾವುದು ಅಲ್ಲ ಎಂಬುದೇ ಜಗಳದ ವಿಷಯವಾಗಿತ್ತು: ಆ ವರ್ಷ ಡಿಸೆಂಬರ್ 4ರಂದು ಶಿಕಾಗೋದ ಸ್ಟೇಲೀಸ್ ಎದುರು 10-7ರಿಂದ ಸೋತ ಬಫಲೋ, ಅದು ಬರೀ ಪ್ರದರ್ಶನ ಪಂದ್ಯವೆಂದು ವಾದಿಸಿತು, ಸಂಘ ಅದನ್ನು ಲೆಕ್ಕಕ್ಕೆ ಹಿಡಿದು ಪ್ರಶಸ್ತಿಯನ್ನು ಸ್ಟೇಲೀಸ್‌ಗೆ ಕೊಟ್ಟಿತು. ಪ್ರಶಸ್ತಿಯ ಪಂದ್ಯದ ಗತಿಯೇ ಹೀಗಿರುವಾಗ, ‘ಒಂದು ಪಂದ್ಯದ ಋತು’ ಎಂಬುದನ್ನು ವಿಧಿಯ ಕ್ರೌರ್ಯವೆಂದು ಮೂರು ಪುಟ ಬರೆಯುವುದು ಸಲ್ಲದು.

ಇನ್ನು ನೀವು ಅರ್ಧ ವಾಕ್ಯದಲ್ಲಿ ದಾಟಿಸಿದ ‘ಕಾರ್ಡೆಕ್ಸ್ ಎಂಬ ಕಂಪನಿ’. ಜೇಮ್ಸ್ ರ್‍ಯಾಂಡ್ ಕಿರಿಯರು ತಂದೆಯ ಉದ್ಯಮದಿಂದ ಬೇರೆಯಾಗಿ ಕಟ್ಟಿದ, ಕಚೇರಿಯ ದಾಖಲೆಗಳನ್ನು ಕಾರ್ಡುಗಳಲ್ಲಿ ಜೋಡಿಸಿಡುವ ಸಲಕರಣೆಗಳನ್ನು ಮಾಡುತ್ತಿದ್ದ ಕಂಪನಿ ಅದು. ಅದೇ ಮುಂದೆ 1927ರಲ್ಲಿ ವಿಲೀನಗೊಂಡು ಬೆರಳಚ್ಚು ಯಂತ್ರಗಳಿಗೆ ಹೆಸರಾದ ರೆಮಿಂಗ್ಟನ್ ರ್‍ಯಾಂಡ್ ಆಯಿತು. ಕಂಪನಿಯ ಹೆಸರು ಹೊತ್ತ ಸಣ್ಣ ಊರಿನ ತಂಡ ಆಗ ಇದೊಂದೇ ಅಲ್ಲ. ಮಾಂಸದ ಪ್ಯಾಕಿಂಗ್ ಕಂಪನಿಯಿಂದ ಹೆಸರು ಪಡೆದ ಗ್ರೀನ್ ಬೇ ಪ್ಯಾಕರ್ಸ್ ಲೀಗಿಗೆ ಸೇರಿದ್ದೂ ಅದೇ 1921ರಲ್ಲಿ. ಕಾಲೇಜು ಹುಡುಗರನ್ನು ಆಡಿಸಿದ್ದಕ್ಕೆ ಅವರು ಸದಸ್ಯತ್ವ ಕಳೆದುಕೊಂಡರು, 1922ರಲ್ಲಿ ಮರಳಿ ಪಡೆದರು, 1923ರಲ್ಲಿ ಊರವರಿಗೆ ಷೇರು ಮಾರಿದರು, ಇಂದಿಗೂ ಆಡುತ್ತಿದ್ದಾರೆ. ಟೊನಾವಾಂಡಕ್ಕೆ ಪಕ್ಕದಲ್ಲೇ ಬಫಲೋದಂಥ ಬಲಿಷ್ಠ ತಂಡವಿತ್ತು. ಗ್ರೀನ್ ಬೇಗೆ ಹಾಗೆ ಒತ್ತಿಕೊಂಡ ನೆರೆಯ ತಂಡವಿರಲಿಲ್ಲ. ಪೂರ್ಣ ಕಾರಣ ಇದೇ ಎನ್ನಲಾರೆ, ಆದರೆ ನಿಮ್ಮ ಲೇಖನ ಕೇಳಬೇಕಾಗಿದ್ದ ಪ್ರಶ್ನೆ ಇದು.

ಕೊನೆಯ ಪ್ಯಾರಾದಲ್ಲಿ ‘ಸೋಲೇ ಗೆಲುವಿನ ಸೋಪಾನ’ ಎಂದಿದ್ದೀರಿ. ಸೋತ ಮೇಲೆ ಮತ್ತೆ ಆಡದೇ ಹೋದವರ ಬಗ್ಗೆ ಈ ಮಾತು ಹೇಗೆ ಹೊಂದುತ್ತದೆ? ಪ್ಯಾರಾವನ್ನು ಪೂರ್ತಿ ತೆಗೆಯಿರಿ. ರೋಚೆಸ್ಟರ್‌ನಿಂದ ಆರಂಭಿಸಿ, ಗ್ರೀನ್ ಬೇಯನ್ನು ಒಳತನ್ನಿ, ಶೀರ್ಷಿಕೆ ಬದಲಿಸಿ, ಈಗಿನದರ ಮೂರರಲ್ಲಿ ಎರಡು ಭಾಗಕ್ಕೆ ಇಳಿಸಿ. ಹೊಸ ಕರಡಿನಲ್ಲಿ ಪ್ರತಿ ಅಂಕಿಯ ಪಕ್ಕಕ್ಕೂ ಅದು ನಿಮಗೆ ಸಿಕ್ಕಿದ್ದೆಲ್ಲಿ ಎಂದು ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕಳಿಸಿದರೆ ನಾನೇ ಕೂತು ಓದುತ್ತೇನೆ.

ಇತಿ,
ಸಂಪಾದಕ