ಈರುಳ್ಳಿ–ಚೀಸ್ ಬೇಕ್: ತಳದಲ್ಲಿ ನೀರು, ಮೇಲೆ ಎಣ್ಣೆ ಏಕೆ?

ಬಾಡಿಸಿದ ಈರುಳ್ಳಿಗೆ ವೈಟ್ ಸಾಸ್ ಬೆರೆಸಿ, ಮೇಲೆ ಚೀಸ್ ಹರಡಿ ಓವನ್‌ನಲ್ಲಿ ಬೇಯಿಸುವ ತಿನಿಸಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಕೇಳಿದವರು ಬೇರೆ ಬೇರೆ, ಆದರೆ ಅರ್ಧಕ್ಕಿಂತ ಹೆಚ್ಚು ದೂರುಗಳ ಮೂಲ ಒಂದೇ: ಈರುಳ್ಳಿಯೊಳಗಿನ ನೀರು.

ಪ್ರಶ್ನೆ: ನಾಲ್ಕು ಜನರಿಗೆ ಸಾಲುವಷ್ಟು ಮಾಡಲು ಸರಿಯಾದ ಅಳತೆ ಮತ್ತು ವಿಧಾನ ತಿಳಿಸುವಿರಾ? ಓವನ್ ಇದೆ, ಆದರೆ ಈ ಬಗೆಯ ಅಡುಗೆ ಮಾಡಿ ಅಭ್ಯಾಸವಿಲ್ಲ.

ಉತ್ತರ: ಈರುಳ್ಳಿ 1 ಕಿಲೊ ಇರಲಿ; ಸಿಪ್ಪೆ, ತುದಿ, ಬುಡ ತೆಗೆದ ಮೇಲೆ ಸುಮಾರು 900 ಗ್ರಾಂ ಉಳಿಯುತ್ತದೆ. ಬಾಡಿಸಲು 30 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ಎಣ್ಣೆ. ಸಾಸ್‌ಗೆ 30 ಗ್ರಾಂ ಬೆಣ್ಣೆ, 30 ಗ್ರಾಂ ಮೈದಾ, 350 ಮಿಲಿ ಹಾಲು. ತುರಿದ ಚೀಸ್ 150 ಗ್ರಾಂ: 90 ಗ್ರಾಂ ಸಾಸ್‌ಗೆ, 60 ಗ್ರಾಂ ಮೇಲಕ್ಕೆ. ಬ್ರೆಡ್ ತರಿ 40 ಗ್ರಾಂ, ಅದಕ್ಕೆ ಕಲಸಲು 15 ಗ್ರಾಂ ಕರಗಿಸಿದ ಬೆಣ್ಣೆ. ಉಪ್ಪು ಮುಕ್ಕಾಲು ಟೀ ಚಮಚಕ್ಕಿಂತ ಹೆಚ್ಚು ಬೇಡ, ಚೀಸ್‌ನಲ್ಲೇ ಉಪ್ಪಿರುತ್ತದೆ. ಕಾಳುಮೆಣಸಿನ ಪುಡಿ ಅರ್ಧ ಚಮಚ, ಜಾಯಿಕಾಯಿ ಒಂದು ಚಿಟಿಕೆ. ಸಾಸಿವೆ ಪುಡಿ ಅರ್ಧ ಚಮಚ ಹಾಕಿದರೆ ಚೀಸ್‌ನ ರುಚಿ ಎದ್ದು ಕಾಣುತ್ತದೆ; ಬಿಟ್ಟರೂ ನಡೆಯುತ್ತದೆ.

ಈರುಳ್ಳಿಯನ್ನು ತುದಿಯಿಂದ ಬುಡದ ಕಡೆಗೆ, ಅರ್ಧ ಸೆಂ.ಮೀ. ದಪ್ಪಕ್ಕೆ ಉದ್ದುದ್ದ ಸೀಳಿ. ಅಡ್ಡಲಾಗಿ ಬಳೆಯಂತೆ ಹೆಚ್ಚಿದರೆ ಬೇಗ ಕರಗಿ ಮುದ್ದೆಯಾಗುತ್ತದೆ. ಉದ್ದ ಸೀಳಿದ್ದು ಬೆಂದ ಮೇಲೂ ಎಳೆ ಎಳೆಯಾಗಿ ಉಳಿಯುತ್ತದೆ. ಅಗಲ ಬಾಯಿಯ ದಪ್ಪ ತಳದ ಬಾಣಲೆಯಲ್ಲಿ ಬೆಣ್ಣೆ, ಎಣ್ಣೆ ಕಾಯಿಸಿ, ಈರುಳ್ಳಿ ಮತ್ತು ಉಪ್ಪು ಹಾಕಿ ಮುಚ್ಚಿ, ಮಧ್ಯಮ ಉರಿಯಲ್ಲಿ 10 ನಿಮಿಷ ಬಿಡಿ. ಆಮೇಲೆ ಮುಚ್ಚಳ ತೆಗೆದು ಆಗಾಗ ಕೈಯಾಡಿಸುತ್ತ ಇನ್ನೂ 20–25 ನಿಮಿಷ. ತಿಳಿ ಹೊಂಬಣ್ಣ ಬಂದು, ಸೌಟಿನಿಂದ ಸರಿಸಿದಾಗ ಬಾಣಲೆಯ ತಳದಲ್ಲಿ ನೀರು ಹರಿಯದಿದ್ದರೆ ಹದ ಬಂತೆಂದು ತಿಳಿಯಿರಿ. ತಕ್ಕಡಿ ಇದ್ದರೆ ತೂಗಿ ನೋಡಿ, ಹಾಕಿದ್ದರ ಸುಮಾರು ಅರ್ಧಕ್ಕೆ ಇಳಿದಿರಬೇಕು.

ಇನ್ನೊಂದು ಪಾತ್ರೆಯಲ್ಲಿ ಸಾಸ್‌ನ ಬೆಣ್ಣೆ ಕರಗಿಸಿ, ಮೈದಾ ಹಾಕಿ ಸಣ್ಣ ಉರಿಯಲ್ಲಿ 2 ನಿಮಿಷ ಬಣ್ಣ ಬದಲಾಗದಂತೆ ಹುರಿಯಿರಿ. ಹಾಲನ್ನು ಮೂರು ನಾಲ್ಕು ಕಂತಿನಲ್ಲಿ ಸುರಿದು, ಒಂದೊಂದು ಕಂತೂ ಪೂರ್ತಿ ಬೆರೆತ ಮೇಲೆ ಮುಂದಿನದನ್ನು ಹಾಕಿ. ಕುದಿ ಬಂದ ಮೇಲೆ ಇನ್ನೂ 3–4 ನಿಮಿಷ ಕುದಿಸದಿದ್ದರೆ ಮೈದಾದ ಹಸಿ ವಾಸನೆ ಹೋಗುವುದಿಲ್ಲ. ಚಮಚದ ಬೆನ್ನಿಗೆ ದಪ್ಪನಾಗಿ ಅಂಟಿ, ಬೆರಳಿನಿಂದ ಎಳೆದ ಗೆರೆ ಕೂಡಿಕೊಳ್ಳದೆ ನಿಲ್ಲಬೇಕು. ಉರಿ ಆರಿಸಿ, ಒಂದು ನಿಮಿಷ ಬಿಟ್ಟು 90 ಗ್ರಾಂ ಚೀಸ್, ಮೆಣಸು, ಜಾಯಿಕಾಯಿ, ಸಾಸಿವೆ ಪುಡಿ ಸೇರಿಸಿ.

ಸಾಸ್ ಮತ್ತು ಈರುಳ್ಳಿಯನ್ನು ಕಲಸಿ, ಬೆಣ್ಣೆ ಸವರಿದ 20 ಸೆಂ.ಮೀ. ಚೌಕದ ಬೇಕಿಂಗ್ ಪಾತ್ರೆಗೆ ಹಾಕಿ ಸಮ ಮಾಡಿ. ಸುಮಾರು ಎರಡೂವರೆ ಸೆಂ.ಮೀ. ದಪ್ಪ ಬರುತ್ತದೆ, ಇದಕ್ಕಿಂತ ಆಳ ಮಾಡಿದರೆ ನಡುಭಾಗ ಕಾಯುವಷ್ಟರಲ್ಲಿ ಮೇಲ್ಭಾಗ ಸೀಯುತ್ತದೆ. ಮೇಲೆ ಉಳಿದ ಚೀಸ್, ಅದರ ಮೇಲೆ ಬೆಣ್ಣೆ ಕಲಸಿದ ಬ್ರೆಡ್ ತರಿ. ಮೊದಲೇ ಕಾದ ಓವನ್‌ನ ನಡು ಅಂತಸ್ತಿನಲ್ಲಿ 190 ಡಿಗ್ರಿ ಸೆಲ್ಸಿಯಸ್‌ನಲ್ಲಿ 25 ನಿಮಿಷ. ಫ್ಯಾನ್ ಓಡುವ ಓವನ್ ಆದರೆ 170 ಸಾಕು. ಅಂಚಿನಲ್ಲಿ ಗುಳ್ಳೆ ಏಳುತ್ತಿರಬೇಕು, ಮೇಲ್ಭಾಗ ಕಂದಾಗಿರಬೇಕು. ಹೊರತೆಗೆದು 10 ನಿಮಿಷ ಮುಟ್ಟದೆ ಬಿಡಿ. ಬಿಸಿಯಲ್ಲಿ ತೆಳುವಾಗಿ ಕಾಣುವ ಸಾಸ್ ಈ ಹತ್ತು ನಿಮಿಷದಲ್ಲಿ ಬಿಗಿಯುತ್ತದೆ.

ಪ್ರಶ್ನೆ: ಸಾಸ್ ಮಂದವಾಗಿಯೇ ಮಾಡಿದ್ದೆ. ಆದರೂ ಬಡಿಸುವಾಗ ಪಾತ್ರೆಯ ತಳದಲ್ಲಿ ನೀರು ನಿಂತಿತ್ತು. ಮೈದಾ ಹೆಚ್ಚಿಸಬೇಕೆ?

ಉತ್ತರ: ಬೇಡ. ಮೈದಾ ಹೆಚ್ಚಿಸಿದರೆ ಅಂಟಂಟಾದ ಮುದ್ದೆ ಸಿಗುತ್ತದೆ, ನೀರು ಅಲ್ಲೇ ಇರುತ್ತದೆ. ಹಸಿ ಈರುಳ್ಳಿಯ ತೂಕದಲ್ಲಿ ಸುಮಾರು ಶೇ. 89 ನೀರು. ಅಂದರೆ 900 ಗ್ರಾಂ ಈರುಳ್ಳಿಯಲ್ಲಿ 800 ಗ್ರಾಂ ನೀರು, ನೀವು ಸಾಸ್‌ಗೆ ಹಾಕುವ ಹಾಲಿನ ಎರಡು ಪಟ್ಟಿಗೂ ಹೆಚ್ಚು! ಐದಾರು ನಿಮಿಷ ಬಾಡಿಸಿ ‘ಮೆತ್ತಗಾಯಿತು’ ಎಂದು ಇಳಿಸಿದರೆ ಅದರ ಬಹುಭಾಗ ಇನ್ನೂ ಒಳಗೇ ಇರುತ್ತದೆ. ಓವನ್‌ನ ಶಾಖಕ್ಕೆ ಅದು ಹೊರಬಂದು ಸಾಸ್‌ಗೆ ಸೇರುತ್ತದೆ. ಮೇಲೆ ಚೀಸ್ ಹೊದಿಸಿರುವುದರಿಂದ ಆವಿಯಾಗಿ ಹೋಗಲೂ ದಾರಿಯಿಲ್ಲ.

ಉಪ್ಪನ್ನು ಮೊದಲೇ ಹಾಕಿ ಎಂದದ್ದು ಇದಕ್ಕೇ, ನೀರು ಬೇಗ ಹೊರಬರುತ್ತದೆ. ಬಾಣಲೆ ಚಿಕ್ಕದಾಗಿ ಈರುಳ್ಳಿ ರಾಶಿ ಬಿದ್ದಿದ್ದರೆ ಅದು ತನ್ನದೇ ಹಬೆಯಲ್ಲಿ ಬೇಯುತ್ತದೆಯೇ ಹೊರತು ಒಣಗುವುದಿಲ್ಲ. ಅಂಥಲ್ಲಿ ಎರಡು ಸಲ ಮಾಡಿ. ಹೋಳುಗಳನ್ನು ಬೇಯಿಸಿ ನೀರು ಬಸಿದು ಬಳಸುವವರೂ ಇದ್ದಾರೆ. ಬೇಗ ಆಗುತ್ತದೆ ನಿಜ, ಆದರೆ ಸಿಹಿಯೆಲ್ಲ ಬಸಿದ ನೀರಿನ ಜೊತೆ ಹೋಗುತ್ತದೆ. ನಮ್ಮ ಮತ ಬಾಡಿಸುವುದಕ್ಕೇ. ಈಗಾಗಲೇ ನೀರು ಬಿಟ್ಟಿದ್ದರೆ ಪಾತ್ರೆಯನ್ನು ಓರೆ ಮಾಡಿ ಚಮಚದಿಂದ ತೆಗೆದು, ಮತ್ತೆ 8–10 ನಿಮಿಷ ಓವನ್‌ನಲ್ಲಿಡಿ.

ಪ್ರಶ್ನೆ: ಬೇಗ ಕಂದು ಬಣ್ಣ ಬರಲಿ ಎಂದು ಈರುಳ್ಳಿಗೆ ಅಡುಗೆ ಸೋಡಾ ಅಥವಾ ಸಕ್ಕರೆ ಹಾಕಬಹುದೆ?

ಉತ್ತರ: ಸೋಡಾ ಹಾಕಿದರೆ ಬಣ್ಣ ಬೇಗ ಬರುವುದು ಹೌದು, ಆದರೆ ಈರುಳ್ಳಿಯ ಗೋಡೆಗಳು ಕರಗಿ ಪೇಸ್ಟ್ ಆಗುತ್ತದೆ. ಸೂಪಿಗೆ ಪರವಾಗಿಲ್ಲ, ಇಲ್ಲಿಗೆ ಬೇಡ. ಸಕ್ಕರೆ ಅಗತ್ಯವಿಲ್ಲ.

ಪ್ರಶ್ನೆ: ಓವನ್‌ನಿಂದ ತೆಗೆದಾಗ ಚೀಸ್ ಮೇಲೆ ಎಣ್ಣೆ ತೇಲುತ್ತದೆ, ಕೆಳಗೆ ಚೀಸ್ ಗಟ್ಟಿಯಾಗಿ ಜಗಿಯಲು ಆಗುವುದಿಲ್ಲ. ಯಾವ ಚೀಸ್ ಒಳ್ಳೆಯದು?

ಉತ್ತರ: ಚೀಸ್‌ನಲ್ಲಿ ಪ್ರೊಟೀನಿನ ಬಲೆಯೊಳಗೆ ಕೊಬ್ಬು, ನೀರು ಸಿಕ್ಕಿಕೊಂಡಿರುತ್ತವೆ. ಕಾವು ಮಿತಿ ಮೀರಿದರೆ, ಅಥವಾ ಹಿತವಾದ ಕಾವೇ ತೀರಾ ಹೊತ್ತು ತಗುಲಿದರೆ, ಆ ಬಲೆ ಬಿಗಿದುಕೊಂಡು ಎರಡನ್ನೂ ಹಿಂಡಿ ಹೊರಹಾಕುತ್ತದೆ. ಹೊರಬಂದ ಕೊಬ್ಬೇ ನಿಮ್ಮ ಎಣ್ಣೆ, ಒಣಗಿ ಉಳಿದ ಪ್ರೊಟೀನೇ ಆ ಗಟ್ಟಿ ಪದರ. ವರ್ಷಗಟ್ಟಲೆ ಮಾಗಿಸಿದ ಚೆಡ್ಡಾರ್‌ನಲ್ಲಿ ಇದು ಹೆಚ್ಚು, ಎಳೆಯ ಚೆಡ್ಡಾರ್‌ನಲ್ಲಿ ಕಡಿಮೆ. ಸಾಸ್‌ನೊಳಗಿನ ಚೀಸ್‌ಗೆ ಮೈದಾದ ಪಿಷ್ಟ ಕಾವಲಿರುತ್ತದೆ. ಮೇಲೆ ಹರಡಿದ ಚೀಸ್‌ಗೆ ಆ ರಕ್ಷಣೆ ಇಲ್ಲ.

ರುಚಿಗೆ ಗ್ರೂಯೇರ್ ಅಥವಾ ಚೆಡ್ಡಾರ್, ಎಳೆಗೆ ಮೊಝರೆಲ್ಲಾ. ಸಾಸ್‌ಗೆ ಚೆಡ್ಡಾರ್, ಮೇಲೆ ಅರ್ಧ ಚೆಡ್ಡಾರ್ ಅರ್ಧ ಮೊಝರೆಲ್ಲಾ ಹಾಕಿದರೆ ಎರಡೂ ಸಿಗುತ್ತದೆ. ಬರೀ ಮೊಝರೆಲ್ಲಾ ಹಾಕಿದರೆ ನೂಲಿನಂತೆ ಎಳೆ ಬರುತ್ತದೆ, ರುಚಿ ಮಾತ್ರ ಸಪ್ಪೆ. ನೀರಿನಲ್ಲಿ ಅದ್ದಿಟ್ಟು ಬರುವ ತಾಜಾ ಮೊಝರೆಲ್ಲಾ ಇಲ್ಲಿಗೆ ಹೊಂದುವುದಿಲ್ಲ, ಅದೂ ನೀರು ಬಿಡುತ್ತದೆ. ಪ್ರೊಸೆಸ್ಡ್ ಚೀಸ್‌ನಲ್ಲಿ ಸೋಡಿಯಂ ಸಿಟ್ರೇಟ್ ಅಥವಾ ಫಾಸ್ಫೇಟ್‌ನಂಥ ಲವಣಗಳಿರುವುದರಿಂದ ಎಣ್ಣೆ ಬಿಡದೆ ನುಣ್ಣಗೆ ಕರಗುತ್ತದೆ, ಹಾಗಾಗಿ ಸಾಸ್‌ಗೆ ಸೊಗಸು. ಮೇಲೆ ಹಾಕಿದರೆ ಚರ್ಮ ಕಟ್ಟುತ್ತದೆ. ತುರಿದೇ ಪ್ಯಾಕ್ ಮಾಡಿದ ಚೀಸ್‌ಗೆ ಅಂಟಿಕೊಳ್ಳದಿರಲೆಂದು ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಸವರಿರುತ್ತಾರೆ, ಕರಗಿದಾಗ ಸಾಸ್ ತುಸು ತರಿತರಿ ಎನಿಸಬಹುದು. ಗಡ್ಡೆ ತಂದು ತುರಿಯುವುದೇ ವಾಸಿ.

ನಿಮ್ಮ ಓವನ್ ಮೇಲಿನಿಂದ ಹೆಚ್ಚು ಕಾಯುವಂಥದ್ದಾದರೆ ಮೊದಲ 12 ನಿಮಿಷ ಚೀಸ್ ಇಲ್ಲದೆ ಬೇಯಿಸಿ, ಆಮೇಲೆ ಚೀಸ್, ಬ್ರೆಡ್ ತರಿ ಹರಡಿ.

ಪ್ರಶ್ನೆ: ಬ್ರೆಡ್ ತರಿ ಒಂದೆಡೆ ಸೀದು ಇನ್ನೊಂದೆಡೆ ಬಿಳಿಯಾಗೇ ಉಳಿಯುತ್ತದೆ.

ಉತ್ತರ: ಬೆಣ್ಣೆ ಎಲ್ಲ ಕಡೆ ಹತ್ತಿಲ್ಲ. ಕರಗಿಸಿದ ಬೆಣ್ಣೆಯನ್ನು ಬಟ್ಟಲಿನಲ್ಲೇ ತರಿಗೆ ಹಾಕಿ ಬೆರಳಿನಿಂದ ಉಜ್ಜಿ ಕಲಸಿ. ಹರಡಿದ ಮೇಲೆ ಬೆಣ್ಣೆ ಚುಕ್ಕಿ ಇಟ್ಟರೆ ಹೀಗೇ ಆಗುವುದು. ಅರ್ಧ ಹೊತ್ತಿಗೆ ಪಾತ್ರೆಯನ್ನು ಒಮ್ಮೆ ತಿರುಗಿಸಿಡಿ.

ಪ್ರಶ್ನೆ: ಕೆಂಪು ಈರುಳ್ಳಿ ಬಳಸಿದೆ. ಸಾಸ್ ಬೂದು ಬಣ್ಣಕ್ಕೆ ತಿರುಗಿತು. ಕೆಟ್ಟುಹೋಯಿತೆಂದು ಚೆಲ್ಲಿದೆ. ಸರಿಯೆ?

ಉತ್ತರ: ಚೆಲ್ಲಬೇಕಾಗಿರಲಿಲ್ಲ. ಕೆಂಪು ಈರುಳ್ಳಿಗೆ ಬಣ್ಣ ಕೊಡುವ ಆಂಥೋಸಯಾನಿನ್ ಹುಳಿಯಲ್ಲಿ ಕೆಂಪಗಿರುತ್ತದೆ, ಹುಳಿ ಇಲ್ಲದ ಹಾಲಿನಲ್ಲಿ ನೀಲಿ–ಬೂದು ಬಣ್ಣಕ್ಕೆ ತಿರುಗುತ್ತದೆ. ರುಚಿಗೂ ಆರೋಗ್ಯಕ್ಕೂ ತೊಂದರೆಯಿಲ್ಲ, ನೋಡಲು ಚೆಂದವಿಲ್ಲ ಅಷ್ಟೆ. ಬಿಳಿ ಅಥವಾ ಹಳದಿ ಸಿಪ್ಪೆಯ ಈರುಳ್ಳಿ ಬಳಸಿದರೆ ಈ ಗೊಡವೆಯಿಲ್ಲ. ಕೆಂಪೇ ಇದ್ದರೆ ಹೊಂಬಣ್ಣ ದಾಟಿ ಚೆನ್ನಾಗಿ ಕಂದಾಗುವವರೆಗೆ ಹುರಿಯಿರಿ, ಬೂದು ಬಣ್ಣ ಅದರಲ್ಲಿ ಮುಚ್ಚಿಹೋಗುತ್ತದೆ.

ಪ್ರಶ್ನೆ: ಸಾಸ್ ಮಾಡುವ ತಾಪತ್ರಯ ಬೇಡವೆಂದು ಈರುಳ್ಳಿಯ ಮೇಲೆ ನೇರವಾಗಿ ಹಾಲು ಸುರಿದು ಬೇಯಿಸಿದೆ. ಹಾಲು ಒಡೆಯಿತು.

ಉತ್ತರ: ಒಡೆಯಲೇಬೇಕು. ಈರುಳ್ಳಿಗೆ ಅಲ್ಪಸ್ವಲ್ಪ ಹುಳಿ ಇದೆ, ಉಪ್ಪೂ ಸೇರಿದೆ, ಜೊತೆಗೆ ಅರ್ಧ ಗಂಟೆಯ ಕಾವು. ಮೈದಾ ಇದ್ದರೆ ಹಾಲಿನ ಪ್ರೊಟೀನ್ ಒಂದಕ್ಕೊಂದು ಅಂಟಿ ಗರಣೆ ಕಟ್ಟದಂತೆ ತಡೆಯುತ್ತದೆ. ಸಾಸ್ ಬೇಡವೆಂದರೆ ಹಾಲಿನ ಬದಲು ಕೊಬ್ಬು ಹೆಚ್ಚಿರುವ ಕ್ರೀಮ್ 250 ಮಿಲಿ ಬಳಸಿ, ಅದು ಸುಲಭಕ್ಕೆ ಒಡೆಯುವುದಿಲ್ಲ. ಮೈದಾ ತಿನ್ನದವರು 350 ಮಿಲಿ ಹಾಲಿಗೆ 18–20 ಗ್ರಾಂ ಕಾರ್ನ್‌ಫ್ಲೋರ್ ತೆಗೆದುಕೊಂಡು, ತಣ್ಣನೆ ಹಾಲಿನಲ್ಲಿ ಕದಡಿ ಕುದಿಯುವ ಹಾಲಿಗೆ ಸೇರಿಸಬಹುದು. ಮಂದವಾದ ಮೇಲೆ ಒಂದು ನಿಮಿಷ ಸಾಕು. ಹೆಚ್ಚು ಹೊತ್ತು ಜೋರಾಗಿ ಕುದಿಸಿ ತಿರುವಿದರೆ ಮತ್ತೆ ತೆಳುವಾಗುತ್ತದೆ.

ಪ್ರಶ್ನೆ: ಓವನ್ ಇಲ್ಲ. ಮೈಕ್ರೊವೇವ್ ಅಥವಾ ಒಲೆಯ ಮೇಲೆ ಆಗುತ್ತದೆಯೆ?

ಉತ್ತರ: ಬರೀ ಮೈಕ್ರೊವೇವ್‌ನಲ್ಲಿ ಬಿಸಿಯಾಗುತ್ತದೆ, ಕಂದಾಗುವುದಿಲ್ಲ. ಕನ್ವೆಕ್ಷನ್ ಇರುವ ಮಾದರಿಯಾದರೆ ಅದೇ ಮೋಡ್‌ನಲ್ಲಿ ಓವನ್‌ನಂತೆಯೇ ಮಾಡಿ. ಏರ್ ಫ್ರೈಯರ್‌ನಲ್ಲಿ ಚಿಕ್ಕ ಪಾತ್ರೆಗಳಿಗೆ ಹಂಚಿ 170 ಡಿಗ್ರಿಯಲ್ಲಿ 10–12 ನಿಮಿಷ. ಗಾಳಿಗೆ ತರಿ ಹಾರದಂತೆ ಚೀಸ್‌ಗೆ ಒತ್ತಿ ಕೂರಿಸಿ.

ಒಲೆಯ ಮೇಲಾದರೆ ಬ್ರೆಡ್ ತರಿಯನ್ನು ಬೆಣ್ಣೆಯಲ್ಲಿ ಬೇರೆಯಾಗಿ ಗರಿಗರಿ ಹುರಿದಿಟ್ಟುಕೊಳ್ಳಿ. ದಪ್ಪ ತಳದ ದೊಡ್ಡ ಪಾತ್ರೆಯೊಳಗೆ ಸ್ಟ್ಯಾಂಡ್ ಇಟ್ಟು, ಮುಚ್ಚಿ 10 ನಿಮಿಷ ಕಾಯಿಸಿ, ಈರುಳ್ಳಿ ಮಿಶ್ರಣ ತುಂಬಿದ ಲೋಹದ ಪಾತ್ರೆಯನ್ನು ಅದರ ಮೇಲಿಡಿ. ಸಣ್ಣ ಉರಿಯಲ್ಲಿ 20 ನಿಮಿಷ, ಕೊನೆಯ 5 ನಿಮಿಷಕ್ಕೆ ಚೀಸ್. ಇಳಿಸಿದ ಮೇಲೆ ತರಿ ಉದುರಿಸಿ. ನಾನ್‌ಸ್ಟಿಕ್ ಪಾತ್ರೆಯನ್ನು ಹೀಗೆ ಬರಿದಾಗಿ ಕಾಯಿಸಬಾರದು. ಕುಕ್ಕರ್ ಬಳಸುವುದಾದರೆ ಗ್ಯಾಸ್ಕೆಟ್, ವೆಯ್ಟ್ ಎರಡನ್ನೂ ತೆಗೆದಿಡಿ.

ಪ್ರಶ್ನೆ: ಇಡೀ ಈರುಳ್ಳಿಯೊಳಗೆ ಚೀಸ್ ತುಂಬಿ ಬೇಯಿಸಿದರೆ ಹೊರಪದರ ಹಸಿಯಾಗೇ ಇರುತ್ತದೆ.

ಉತ್ತರ: ತುಂಬುವ ಮೊದಲೇ ಈರುಳ್ಳಿ ಮುಕ್ಕಾಲು ಬೆಂದಿರಬೇಕು. 150 ಗ್ರಾಂ ತೂಗುವ ಆರು ಈರುಳ್ಳಿ ಸುಲಿಯಿರಿ; ಬುಡದ ಬೇರನ್ನಷ್ಟೇ ಸವರಿ, ಬುಡ ಕತ್ತರಿಸಿದರೆ ಪದರಗಳು ಜಾರಿ ಹೋಗುತ್ತವೆ. ಉಪ್ಪು ನೀರಿನಲ್ಲಿ 15 ನಿಮಿಷ ಕುದಿಸಿ, ಆರಿದ ಮೇಲೆ ತುದಿಯ ಕಾಲುಭಾಗ ಕತ್ತರಿಸಿ, ಹೊರಗಿನ ಎರಡು ಮೂರು ಪದರ ಬಿಟ್ಟು ಒಳಗಿನದನ್ನು ಚಮಚದಿಂದ ತೆಗೆಯಿರಿ. ಬಟ್ಟಲಾದ ಈರುಳ್ಳಿಯನ್ನು 10 ನಿಮಿಷ ಬೋರಲು ಹಾಕಿ. ತೆಗೆದ ತಿರುಳನ್ನು ಸಣ್ಣಗೆ ಹೆಚ್ಚಿ ಬೆಣ್ಣೆಯಲ್ಲಿ ನೀರಾರುವವರೆಗೆ ಹುರಿದು, 40 ಗ್ರಾಂ ಬ್ರೆಡ್ ತರಿ, 80 ಗ್ರಾಂ ಚೀಸ್ ಕಲಸಿ ತುಂಬಿ. 190 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ 20 ನಿಮಿಷ, ತೆರೆದು 15 ನಿಮಿಷ. ಚಾಕುವಿನ ಮೊನೆ ಹೊರಪದರಕ್ಕೆ ತಡೆಯಿಲ್ಲದೆ ಇಳಿಯಬೇಕು.

ಪ್ರಶ್ನೆ: ಸಸ್ಯಾಹಾರಿಗಳು ಎಲ್ಲ ಚೀಸ್ ತಿನ್ನಬಹುದೆ?

ಉತ್ತರ: ಇಲ್ಲ. ಹಾಲನ್ನು ಗಟ್ಟಿಗೊಳಿಸಲು ಬಳಸುವ ರೆನೆಟ್ ಕೆಲವು ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ಬಂದದ್ದು. ಅಸಲಿ ಪಾರ್ಮಿಜಾನೊ ರೆಜ್ಜಾನೊ ಹಾಗೆಯೇ ತಯಾರಾಗುತ್ತದೆ, ಸಾಂಪ್ರದಾಯಿಕ ಗ್ರೂಯೇರ್ ಕೂಡ. ಲೇಬಲ್‌ನಲ್ಲಿ ಮೈಕ್ರೋಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಎಂದಿರುವುದನ್ನು ಆರಿಸಿ.

ಪ್ರಶ್ನೆ: ಹಿಂದಿನ ದಿನವೇ ಸಿದ್ಧಮಾಡಿ ಇಡಬಹುದೆ? ಉಳಿದದ್ದನ್ನು ಏನು ಮಾಡಬೇಕು?

ಉತ್ತರ: ಇಡಬಹುದು. ಮಿಶ್ರಣ ಆರಿದ ಮೇಲೆ ಮುಚ್ಚಿ ಫ್ರಿಜ್‌ನಲ್ಲಿಡಿ. ಬ್ರೆಡ್ ತರಿ ಮಾತ್ರ ಬೇಯಿಸುವ ಮುನ್ನವೇ ಹಾಕಿ, ಇಲ್ಲದಿದ್ದರೆ ತೇವ ಹೀರುತ್ತದೆ. ತಣ್ಣಗಿರುವುದರಿಂದ 10–15 ನಿಮಿಷ ಹೆಚ್ಚು ಬೇಕು. ಗಾಜಿನ ಪಾತ್ರೆಯಾದರೆ ಫ್ರಿಜ್‌ನಿಂದ ತೆಗೆದು ಕಾದ ಓವನ್‌ಗೆ ನೇರ ಇಡಬೇಡಿ, ಸೀಳಿಹೋಗಬಹುದು. ಅರ್ಧ ಗಂಟೆ ಹೊರಗಿಟ್ಟು ಆಮೇಲೆ ಇಡಿ. ಬೇಯಿಸಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿದರೆ ಎರಡು ಮೂರು ದಿನ ಇರುತ್ತದೆ. ಫ್ರೀಜರ್ ಬೇಡ, ಕರಗಿದಾಗ ಮೈದಾ ಸಾಸ್ ನೀರು ಬಿಟ್ಟು ತರಿಯಾಗುತ್ತದೆ. ಮತ್ತೆ ಬಿಸಿಮಾಡುವಾಗ 160 ಡಿಗ್ರಿಯಲ್ಲಿ ಫಾಯಿಲ್ ಮುಚ್ಚಿ 15 ನಿಮಿಷ, ಫಾಯಿಲ್ ತೆಗೆದು ಇನ್ನೈದು ನಿಮಿಷ.